ಲೈನು ಡೊಂಕು

ಆಗಸ್ಟ್ 9

ಮಗಳೇ,

ಎರಡು ವಾರದಿಂದ ನಿನ್ನ ಫೋನಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ಏನು, ಗರಗರ ಬಿಟ್ಟು ಬೇರೇನೂ ಕೇಳುವುದಿಲ್ಲ. ನಮ್ಮ ಬೀದಿಯ ಲೈನು ಕೆಟ್ಟು ವರ್ಷವಾಗುತ್ತ ಬಂತು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಮಾತನ್ನು ಮುಟ್ಟಬೇಕಾದವರಿಗೆ ಮುಟ್ಟಿಸಿದವಳ ಮನೆಗೇ ಈ ಗತಿ. ದೂರು ಕೊಟ್ಟೆ. ಬಂದವನು ಗೋಡೆಯ ಪೆಟ್ಟಿಗೆ ಬಿಚ್ಚಿ ನೋಡಿ, "ಲೈನ್ ಸರಿಯಾಗೇ ಇದೆ ಆಂಟಿ" ಎಂದು ಹೊರಟುಹೋದ. ಈಗಿನವರಿಗೆ ಕೆಲಸ ಬರುವುದಿಲ್ಲ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಕಳಿಸುವುದು ನನ್ನ ಬೆರಳಿಗೆ ಒಗ್ಗದು. ಆದ್ದರಿಂದ ಈ ಕಾಗದ.

ನಿವೃತ್ತಿ ಎಂದರೆ ಒರಗು ಕುರ್ಚಿ ಎಂದುಕೊಂಡವರಿಗೆ ನನ್ನ ವಾರವನ್ನು ತೋರಿಸಬೇಕು. ಆದರೆ ಈಚೆಗೆ ಒಂದೊಂದು ದಿನವೂ ಒಂದೊಂದು ರಗಳೆ. ಸೋಮವಾರದ ಹಾಡಿನ ಗುಂಪಿನಲ್ಲಿ ಮೇಷ್ಟ್ರು ನನ್ನನ್ನು ಮುಂದಿನ ಸಾಲಿನಿಂದ ಎಬ್ಬಿಸಿ ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ನಿಲ್ಲಿಸಿದರು. "ನಿಮ್ಮ ದನಿ ಗಟ್ಟಿ ಇದೆ, ಹಿಂದಿನಿಂದ ಬಂದ್ರೇನೇ ಚೆಂದ" ಅಂದರು. ಎಂಟು ವರ್ಷ ಮುಂದಿನಿಂದ ಚೆಂದವಾಗಿದ್ದ ದನಿ ಈಗ ಹಿಂದಿನಿಂದ ಯಾಕೆ ಚೆಂದವಾಯಿತೋ. ಮೇಷ್ಟ್ರಿಗೂ ವಯಸ್ಸಾಯಿತು, ಮಾತು ಬಾಯಿಯಿಂದ ಹೊರಗೆ ಬರುವುದಿಲ್ಲ. ಈಗ ಎಲ್ಲರೂ ಹಾಗೆಯೇ, ಗೊಣಗುತ್ತಾರೆ.

ಆಸ್ಪತ್ರೆಯ ವಿಚಾರಣೆ ಮೇಜಿನಲ್ಲಿ ಮೊನ್ನೆ ಮಂಗಳವಾರ ಒಬ್ಬಳು ಬಂದು, "ಮೂಲೆ ಡಾಕ್ಟ್ರು ಎಲ್ಲಿ?" ಅಂದಳು. ನಾನು ನಮ್ಮ ಎಕ್ಸ್‌ಚೇಂಜಿನ ಪದ್ಧತಿಯಂತೆ ತಿರುಗಿ ಹೇಳಿದೆ: "ಮೂಲೆ ಡಾಕ್ಟ್ರು, ಅಲ್ವಾ? ಯಾವ ಮೂಲೆ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳು ತನ್ನ ಮೊಣಕಾಲು ತೋರಿಸಿದಳು. ಮೂಳೆಯಂತೆ. ಳಕಾರ ಹೊರಳದ ನಾಲಿಗೆ ಇಟ್ಟುಕೊಂಡು ನನ್ನನ್ನು ನೋಡಿ ನಗುತ್ತಾರೆ.

ಗುರುವಾರ ಹಲ್ಲಿನ ಡಾಕ್ಟರ ಜೊತೆ ಹಕ್ಕಿ ನೋಡಲು ಕೆರೆಯ ಹಿಂದಿನ ತೋಪಿಗೆ ಹೋಗುತ್ತೇವೆ. ಈ ವರ್ಷ ಹಕ್ಕಿಗಳೇ ಇಲ್ಲ. ಡಾಕ್ಟರು ಮಾತ್ರ ಬೆರಳೆತ್ತಿ "ಕೇಳಿ, ಕೇಳಿ" ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ನಾನೂ ಆಡಿಸುತ್ತೇನೆ. ಖಾಲಿ ಕೊಂಬೆಯ ಕಡೆ ಮುಖ ಮಾಡಿ ಆರು ಜನ ತಲೆಯಾಡಿಸುವುದು. ಸಭ್ಯತೆ ಅಂದರೆ ಇಷ್ಟೇ ಏನೋ.

ಉಳಿದ ದಿನ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತೇನೆ. ನಿನ್ನ ಕೋಣೆ ಅದಕ್ಕೇ ಆಗಿದೆ. ಮಂಚದ ತುಂಬ ಪುಸ್ತಕ, ಅಂಟು, ಬಟ್ಟೆಯ ಪಟ್ಟಿ.

ಕಳೆದ ಸಲ ಫೋನಿನಲ್ಲಿ ಬಚ್ಚಲಿನ ಬಾಗಿಲು ಬೇರೆ ಹಾಕುತ್ತಿದ್ದೀವಿ ಅಂದೆಯಲ್ಲ, ಹಾಕಿ ಆಯಿತೇ?

ಅಮ್ಮ

ಆಗಸ್ಟ್ 21

ಅಮ್ಮಾ,

ಮನೆಗೆ ಬಂದಿದ್ದ ನಿನ್ನ ಕಾಗದವನ್ನು ಅವನು ಅಂಗಡಿಗೆ ತಂದುಕೊಟ್ಟ. ಇನ್ನು ಮುಂದೆ ಅಂಗಡಿಯ ವಿಳಾಸಕ್ಕೇ ಬರೆ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕಣ್ಣು ಪರೀಕ್ಷೆ ಮಾಡುವ ಕತ್ತಲೆ ಕೋಣೆಯಲ್ಲಿ ಕೂತು, ಅಕ್ಷರಪಟ್ಟಿಯ ದೀಪದ ಬೆಳಕಿನಲ್ಲಿ ಓದಿದೆ. ಕೊನೆಯ ಸಾಲನ್ನು ನಾಲ್ಕು ಸಲ ಓದಿದೆ. ಕನ್ನಡಕ ತೆಗೆದೂ ಓದಿದೆ. ಯಾವ ಬಾಗಿಲು? ಆ ದಿನ ನಾನು ಬಾಗಿಲಿನ ಮಾತನ್ನೇ ಆಡಿಲ್ಲ.

ನಾಲ್ಕು ವಾರದಿಂದ ನಿನ್ನ ಮೇಲೆ ಎಷ್ಟು ಕೋಪ ಬಂದಿತ್ತೆಂದರೆ, ಗಿರಾಕಿಯೊಬ್ಬರ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದು ಕಳಿಸಿಬಿಟ್ಟೆ. ಈಗ ಆ ಕೋಪವನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಅದು ಸುಮ್ಮನೆ ಕೈಯಲ್ಲಿ ಉಳಿದುಕೊಂಡಿದೆ.

ಒಂದು ಕೆಲಸ ಮಾಡು. ಆ ದಿನ ಫೋನಿನಲ್ಲಿ ನಾನು ಏನು ಹೇಳಿದೆ, ನೀನು ಏನಂದೆ, ಎರಡನ್ನೂ ಬರೆದು ಕಳಿಸು. ತಿರುಗಿ ಹೇಳು. ಅದು ನಿನಗೆ ಗೊತ್ತಿರುವ ಕೆಲಸವೇ ಅಲ್ಲವೇ?

ಇನ್ನೊಂದು ಮಾತು. ಹಾಡಿನ ಮೇಷ್ಟ್ರು ಗೊಣಗುತ್ತಾರೆ, ಆಸ್ಪತ್ರೆಗೆ ಬರುವವರಿಗೆ ಳಕಾರವಿಲ್ಲ, ತೋಪಿನಲ್ಲಿ ಹಕ್ಕಿಯಿಲ್ಲ, ಬೀದಿಯಲ್ಲಿ ಲೈನಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ನಿನಗೆ ಲೈನು ಡೊಂಕು. ಕಿವಿ ತೋರಿಸಿಕೋ ಅಮ್ಮ.

ಮಗಳು

ಸೆಪ್ಟೆಂಬರ್ 2

ಮಗಳೇ,

ಗಾದೆ ಹೇಳುವಷ್ಟು ದೊಡ್ಡವಳಾಗಿದ್ದೀಯ, ಸಂತೋಷ.

ಎಕ್ಸ್‌ಚೇಂಜಿನಲ್ಲಿ ನನ್ನನ್ನು ಗಿಳಿ ಎಂದು ಕರೆಯುತ್ತಿದ್ದರು, ನಿನಗೆ ನೆನಪಿರಬೇಕು. ಕೇಳಿದ್ದನ್ನು ತಿರುಗಿ ಹೇಳದೆ ಒಂದು ಕರೆಯನ್ನೂ ಜೋಡಿಸಿದವಳಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನೇ ಕಲಿಸುತ್ತಿದ್ದೆ: ಮೊದಲು ಕೇಳು, ಆಮೇಲೆ ತಿರುಗಿ ಹೇಳು, ಅವರು ಹೂಂ ಅಂದ ಮೇಲೆ ಜೋಡಿಸು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಮೇಲೆ ಬಂದ ದೂರು ಎರಡು. ಎರಡರಲ್ಲೂ ಹೇಳಿದವರದೇ ತಪ್ಪು. ಅಂಥವಳಿಗೆ ಕಿವಿ ತೋರಿಸು ಅನ್ನುತ್ತೀಯ.

ಇರಲಿ. ಕೇಳಿದೆಯಲ್ಲ, ಬರೆಯುತ್ತೇನೆ. ಅವತ್ತು ಜೋರು ಮಳೆ. ನಿನ್ನ ದನಿಗೆ ನೆಗಡಿಯಾದಂತಿತ್ತು. ನೀನು "ಬೇರೆ ಹಾಕ್ತಿದ್ದೀವಿ" ಅಂದೆ. ಬೇರೆ ಹಾಕಬೇಕಾದ್ದು ನಿಮ್ಮ ಮನೆಯಲ್ಲಿ ಇನ್ನೇನಿದೆ? ಬಚ್ಚಲಿನ ಆ ಬಾಗಿಲೇ. ಕೆಳಗೆ ಉಬ್ಬಿ, ಹಾಕಿದರೆ ತೆಗೆಯಲು ಬಾರದೆ, ತೆಗೆದರೆ ಹಾಕಲು ಬಾರದೆ. ವರ್ಷಕ್ಕೆರಡು ಸಲ ಬಂದಾಗಲೂ ನಾನು ಹೇಳಿದ್ದೇ ಹೇಳಿದ್ದು. ತಿರುಗಿ ಹೇಳಿದೆ, "ಬೇರೆ ಹಾಕ್ತಿದ್ದೀರಾ, ಅಲ್ವಾ?" ನೀನು ಹೂಂ ಅಂದೆ. ಸರಿಯಾಗಿ ಕೇಳಿಸಿತು, ಹೂಂ ಅಂದೆ. ನಾನು ಒಳ್ಳೇದಾಯ್ತು ಬಿಡು ಅಂದೆ. ಬಡಗಿಯನ್ನು ಈಗಲೇ ಬರಹೇಳಲಾ ಅಂತ ನೀನು ಕೇಳಿದೆ. ಮಳೆ ನಿಲ್ಲಲಿ, ಒಣಗಲಿ ಅಂತ ನಾನಂದೆ. ಹಸಿ ಮರಕ್ಕೆ ಕೈ ಹಾಕಿದರೆ ಮತ್ತೆ ಅದೇ ಕಥೆ. ಇದರಲ್ಲಿ ನಾನು ತಪ್ಪಿ ಆಡಿದ ಮಾತು ಯಾವುದು, ನೀನೇ ಹೇಳು.

ಅಂಗಡಿಯ ವಿಳಾಸಕ್ಕೆ ಯಾಕೆ ಬರೆಯಬೇಕು ಅದನ್ನೂ ಹೇಳು. ನಿಮ್ಮ ಪೋಸ್ಟ್‌ಮನ್ನಿಗೆ ಏನಾಗಿದೆ?

ಅಳಿಯನಿಗೆ ಕೇಳಿದೆ ಎಂದು ತಿಳಿಸು.

ಅಮ್ಮ

ಸೆಪ್ಟೆಂಬರ್ 14

ಅಮ್ಮಾ,

ತಿಳಿಸಲಾರೆ.

ನಾನು ಹೇಳಿದ್ದು ಇದು. "ಅಮ್ಮ, ನಾವು ಬೇರೆ ಆಗ್ತಿದ್ದೀವಿ." ಹಾಕ್ತಿದ್ದೀವಿ ಅಲ್ಲ, ಆಗ್ತಿದ್ದೀವಿ. ಆ ಒಂದು ಮಾತನ್ನು ಹೇಳಲು ಬೆಳಗ್ಗೆಯಿಂದ ಮೂರು ಸಲ ಫೋನ್ ಎತ್ತಿ ಇಟ್ಟಿದ್ದೆ. ನಾಲ್ಕನೇ ಸಲ ಹೇಳಿದೆ. ನನ್ನ ದನಿಗೆ ನೆಗಡಿಯಾಗಿರಲಿಲ್ಲ.

ನೀನು ತಿರುಗಿ ಹೇಳಿದ್ದೂ ನಿಜ, ನಾನು ಹೂಂ ಅಂದದ್ದೂ ನಿಜ. ನಿನ್ನ ಮಾತಿನಲ್ಲಿ ಹಕಾರವಿತ್ತೋ ಇಲ್ಲವೋ ನಾನು ಗಮನಿಸಲಿಲ್ಲ. ನನಗೆ ಬೇಕಾದದ್ದು ನನಗೆ ಕೇಳಿಸಿತು. ಅಷ್ಟರ ಮಟ್ಟಿಗೆ ನಾನು ನಿನ್ನ ಮಗಳೇ.

ಆಮೇಲೆ ನೀನು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. "ಒಳ್ಳೇದಾಯ್ತು ಬಿಡು. ಹತ್ತು ವರ್ಷದ ಹಿಂದೇನೇ ಮಾಡಬೇಕಿತ್ತು. ನಾನು ಬಂದಾಗಲೆಲ್ಲ ಹೇಳ್ತಾನೇ ಇದ್ದೆ. ಹಳೇದನ್ನ ಗುಜರಿಗೆ ಹಾಕಿಬಿಡು." ನಮಗೆ ಮದುವೆಯಾಗಿ ಹತ್ತು ವರ್ಷ, ಅಮ್ಮ.

ನಾನು ಕೇಳಿದ್ದು ಬಡಗಿಯ ವಿಷಯವಲ್ಲ. "ಸ್ವಲ್ಪ ದಿನ ಅಲ್ಲಿಗೆ ಬಂದಿರಲಾ?" ಎಂದು ಕೇಳಿದೆ. ನೀನು "ಈಗ್ಲೇ ಬೇಡ. ಮಳೆ ನಿಲ್ಲಲಿ, ಮೊದ್ಲು ಚೆನ್ನಾಗಿ ಒಣಗಲಿ" ಅಂದೆ. ನಾನು ಒಣಗಬೇಕು ಎಂದುಕೊಂಡೆ. ಕೆಲವು ದಿನ ಒಣಗಲು ಪ್ರಯತ್ನವನ್ನೂ ಮಾಡಿದೆ. ಈಗ ಬರೆಯುವಾಗ ನಗು ಬರುತ್ತದೆ, ಆದರೆ ನೀನು ನಗಬೇಡ.

ಜಗಳವಿಲ್ಲ. ಯಾರೂ ಯಾರಿಗೂ ಮೋಸ ಮಾಡಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ, ಒಲೆಯ ಮುಂದೆ ಎದುರಾದರೆ ದಾರಿ ಬಿಟ್ಟುಕೊಡುತ್ತ ಬದುಕುತ್ತಿದ್ದೆವು. ಒಂದು ದಿನ ಅವನು ನನಗೆ "ಥ್ಯಾಂಕ್ಸ್" ಅಂದ, ಉಪ್ಪಿನ ಡಬ್ಬಿ ಕೊಟ್ಟದ್ದಕ್ಕೆ. ಅವತ್ತೇ ಇಬ್ಬರಿಗೂ ಗೊತ್ತಾಯಿತು. ನಾನು ಈಗ ಅಂಗಡಿಯ ಗೆಳತಿಯ ಮನೆಯಲ್ಲಿ, ಅವಳ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಮಲಗುತ್ತಿದ್ದೇನೆ. ನವೆಂಬರ್ ಮೊದಲ ವಾರ ಅವಳ ಅತ್ತೆ ಬರುತ್ತಾರೆ. ಆಮೇಲೆ ಆ ಜಾಗವಿಲ್ಲ.

ನಿನ್ನ ತಿರುಗಿ ಹೇಳುವ ಪದ್ಧತಿಯ ಬಗ್ಗೆ ಇದುವರೆಗೆ ಹೇಳದ್ದನ್ನು ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ ನಾನು "ಇವತ್ತು ಸ್ಕೂಲಿಗೆ ಹೋಗಲ್ಲ" ಅಂದರೆ ನೀನು "ಸ್ಕೂಲಿಗೆ ಹೋಗಲ್ಲ, ಅಲ್ವಾ?" ಅನ್ನುತ್ತಿದ್ದೆ. ನಾನು ಹೂಂ ಅನ್ನುತ್ತಿದ್ದೆ. ನೀನು ಚೀಲ ತಂದು ಹೆಗಲಿಗೆ ಹಾಕುತ್ತಿದ್ದೆ. ನೀನು ಅಷ್ಟು ಗಟ್ಟಿಯಾಗಿ, ಅಷ್ಟು ಸ್ಪಷ್ಟವಾಗಿ ತಿರುಗಿ ಹೇಳಿದಾಗ, ನಾನು ಹೇಳಿದ್ದೇ ತಪ್ಪಿರಬೇಕು ಎಂದು ನನಗೆ ಅನ್ನಿಸುತ್ತಿತ್ತು. ಮಾತು ತಿರುಗಿ ಬರುತ್ತಿತ್ತು, ಎಲ್ಲೂ ತಲುಪುತ್ತಿರಲಿಲ್ಲ.

ನಮ್ಮ ಅಂಗಡಿಗೆ ಕೆಲವರು ಅಕ್ಷರಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಸಾಲಿನಲ್ಲಿ ಕೂತಿರುವಾಗ, ಮುಂದಿನವರು ಓದುವುದನ್ನು ಕೇಳಿ ಕೇಳಿ ಕಲಿತುಬಿಡುತ್ತಾರೆ. ಕೊನೆಯ ಸಾಲಿನವರೆಗೆ ಗಡಗಡ ಒಪ್ಪಿಸಿ, ಗೆದ್ದ ಮುಖ ಮಾಡಿ ಎದ್ದು, ಗಾಜಿನ ಬಾಗಿಲಿಗೆ ಹಣೆ ಹೊಡೆದುಕೊಂಡು ಹೋಗುತ್ತಾರೆ. ನಿನ್ನ ಹಿಂದಿನ ಕಾಗದ ಓದಿದಾಗ ಅವರ ನೆನಪಾಯಿತು. ನೀನು ಜನರ ಮಾತನ್ನು ಕೇಳುತ್ತಿಲ್ಲ, ಊಹಿಸುತ್ತಿದ್ದೀಯ.

ಕಿವಿ ತೋರಿಸಿಕೋ. ಅದಕ್ಕೆ ಮೊದಲು ಉತ್ತರ ಬರೆಯಬೇಡ.

ಮಗಳು

ಸೆಪ್ಟೆಂಬರ್ 20

ಮಗಳೇ,

ಕಾಗದ ತಲುಪಿತು.

ಈ ವಾರ ಬಿಡುವಿಲ್ಲ. ಹಾಡಿನ ಗುಂಪಿನ ಕಾರ್ಯಕ್ರಮ ಹತ್ತಿರ ಬಂತು. ಆಸ್ಪತ್ರೆಯಲ್ಲಿ ಇಬ್ಬರು ರಜೆ, ಅವರ ಪಾಳಿಯೂ ನನ್ನದೇ. ಗ್ರಂಥಾಲಯದಿಂದ ನಲವತ್ತು ಪುಸ್ತಕ ಬಂದಿವೆ, ಬೆನ್ನು ಹರಿದವು. ಹಲ್ಲಿನ ಡಾಕ್ಟರು ದೂರದ ಗುಡ್ಡಕ್ಕೆ ಹೋಗೋಣ ಅನ್ನುತ್ತಿದ್ದಾರೆ.

ಭಾನುವಾರ ಸಂಜೆ ನಾಲ್ಕರಿಂದ ಐದು ಖಾಲಿಯಿದೆ. ಬರುವುದಾದರೆ ಬಾ, ಮಾತಾಡೋಣ.

ಅಮ್ಮ

ಸೆಪ್ಟೆಂಬರ್ 27

ಅಮ್ಮಾ,

ಭಾನುವಾರ, ನಾಲ್ಕರಿಂದ ಐದು. ಅಲ್ವಾ?

ಮಗಳು

ಅಕ್ಟೋಬರ್ 23

ಮಗಳೇ,

ನಿನ್ನ ಒಂದು ಸಾಲಿನ ಕಾಗದವನ್ನು ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಕನ್ನಡಕ ತೆಗೆದಾಗಲೆಲ್ಲ ಕಾಣುತ್ತಿತ್ತು. ಆ ಭಾನುವಾರ ನಾಲ್ಕರಿಂದ ಐದರವರೆಗೆ ಅಂಗಳದ ಕಡೆ ಮುಖ ಮಾಡಿ ಕೂತಿದ್ದೆ. ನೀನು ಬರುವುದಿಲ್ಲ ಎಂದು ಗೊತ್ತಿತ್ತು. ಆ ಒಂದು ಗಂಟೆಗೆ ಬೇರೆ ಕೆಲಸ ಇಟ್ಟುಕೊಂಡಿರಲಿಲ್ಲ, ಅಷ್ಟೇ.

ನೀನು ಹೇಳಿದ ಕೂಡಲೇ ಕಿವಿ ತೋರಿಸಿಕೊಂಡೆ ಎಂದು ತಿಳಿಯಬೇಡ. ನಿನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮತ್ತೂ ಮೂರು ವಾರ ಓಡಾಡಿದೆ. ಕಾರ್ಯಕ್ರಮದಲ್ಲಿ ಹಾಡಿದೆ. ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಸಾಲು ನನ್ನೊಬ್ಬಳದೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ನೆಲ ನೋಡುತ್ತಿದ್ದರು.

ಮೊನ್ನೆ ಹದಿನಾಲ್ಕಕ್ಕೆ ಆಸ್ಪತ್ರೆಯಲ್ಲಿ ಒಬ್ಬರು ಬಂದರು. ನನ್ನಷ್ಟೇ ವಯಸ್ಸು, ಕೈಯಲ್ಲಿ ಫ್ಲಾಸ್ಕು, ಮಂಡಿನೋವಿನ ನಡಿಗೆ. ಹೆಂಡತಿ ಯಾವುದೋ ವಾರ್ಡಿನಲ್ಲಿದ್ದಾರೆ ಎಂದು ನಂಬರ್ ಹೇಳಿದರು. ನಾನು ತಿರುಗಿ ಹೇಳಿದೆ, "ಎಪ್ಪತ್ತೊಂದು, ಅಲ್ವಾ?" ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಹಾಕಿದ್ದ ಸ್ವಯಂಸೇವಕರ ಹಳದಿ ಜಾಕೆಟ್ಟನ್ನೂ ನೋಡಿದರು. ಹೂಂ ಅಂದರು. ಏಳನೇ ಮಹಡಿಗೆ ಕಳಿಸಿದೆ. ಲಿಫ್ಟು ಕೆಟ್ಟಿತ್ತು.

ಅವರು ಕೆಳಗಿಳಿದು ಬರುವಷ್ಟರಲ್ಲಿ ರೋಗಿಗಳನ್ನು ನೋಡುವ ಹೊತ್ತು ಮುಗಿದಿತ್ತು. ಅವರಾಕೆ ಇದ್ದದ್ದು ಇಪ್ಪತ್ತೊಂದರಲ್ಲಿ, ಎರಡನೇ ಮಹಡಿ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲೆ ಫ್ಲಾಸ್ಕು ಇಟ್ಟು, ಉಸಿರು ಹಿಡಿದುಕೊಂಡು, ನನ್ನ ಮುಖದ ಹತ್ತಿರ ಬಾಗಿ ಹೇಳಿದರು: "ನಾನು ಇಪ್ಪತ್ತೊಂದು ಅಂದಿದ್ದೆ ಅಮ್ಮ. ನೀವು ಅಷ್ಟು ಖಂಡಿತವಾಗಿ ಎಪ್ಪತ್ತೊಂದು ಅಂದ್ರಲ್ಲ, ನಾನೇ ತಪ್ಪಿರಬೇಕು ಅಂತ ಹತ್ತಿದೆ."

ಎಕ್ಸ್‌ಚೇಂಜಿನಲ್ಲಿ ನಾವು ಇಪ್ಪತ್ತೊಂದು, ಎಪ್ಪತ್ತೊಂದು ಎಂದು ಯಾವತ್ತೂ ತಿರುಗಿ ಹೇಳುತ್ತಿರಲಿಲ್ಲ. ಎರಡು-ಒಂದು, ಏಳು-ಒಂದು ಎಂದು ಬಿಡಿಸಿ ಹೇಳುತ್ತಿದ್ದೆವು. ಇವೆರಡೂ ಲೈನಿನಲ್ಲಿ ಒಂದೇ ಥರ ಕೇಳುತ್ತವೆ, ಯಾರ ಕಿವಿಯನ್ನೂ ನಂಬಬಾರದು ಎಂಬ ಕಾರಣಕ್ಕೆ. ಹುಡುಗಿಯರಿಗೆ ಇದನ್ನು ಕಲಿಸುತ್ತಿದ್ದವಳು ನಾನು. ಪದ್ಧತಿಯಲ್ಲಿ ಅರ್ಧವನ್ನು ಇಟ್ಟುಕೊಂಡು ಅರ್ಧವನ್ನು ಯಾವಾಗ ಕೈಬಿಟ್ಟೆನೋ ಗೊತ್ತಿಲ್ಲ. ಗಟ್ಟಿಯಾಗಿ ಹೇಳುವುದನ್ನು ಇಟ್ಟುಕೊಂಡೆ.

ಜಾಕೆಟ್ಟು ಮಡಿಸಿ ಮೇಟ್ರನ್ ಕೈಗೆ ಕೊಟ್ಟೆ. ಅವಳು "ಯಾಕಮ್ಮ?" ಅಂದಳು. ಅಥವಾ "ಸಾಕಮ್ಮ" ಅಂದಳು. ನನಗೆ ತಿಳಿಯಲಿಲ್ಲ. ಮೊದಲ ಸಲ, ತಿರುಗಿ ಹೇಳಲು ಧೈರ್ಯ ಬರಲಿಲ್ಲ.

ಕಿವಿ ವಿಭಾಗ ಅಲ್ಲೇ ಮೊದಲ ಮಹಡಿಯಲ್ಲಿದೆ. ನಾಲ್ಕು ವರ್ಷದಿಂದ ನಾನೇ ಜನರನ್ನು ಕಳಿಸುತ್ತಿದ್ದ ಕೋಣೆ. ದಾರಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ತಲೆಗೆ ಹೆಡ್‌ಫೋನ್ ಹಾಕಿದರು. ಎಷ್ಟೋ ವರ್ಷದ ಮೇಲೆ ಆ ಭಾರ ತಲೆಯ ಮೇಲೆ ಬಂದು, ನನ್ನ ಕೈ ತಾನಾಗಿ ಕರೆ ಜೋಡಿಸುವ ಪ್ಲಗ್ಗು ಹುಡುಕಿತು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು, ಅಷ್ಟೇ. ಒತ್ತಿದೆ, ಒತ್ತಿದೆ, ಚೆನ್ನಾಗಿ ನಡೆಯಿತು. ಪರೀಕ್ಷೆ ಮಾಡುವ ಹುಡುಗಿ ಗಾಜಿನಾಚೆ ಪಕ್ಕಕ್ಕೆ ತಿರುಗಿ ಕೂತಿದ್ದಳು. ಅವಳು ಸದ್ದು ಕಳಿಸುವಾಗಲೆಲ್ಲ ಅವಳ ಬಲ ಭುಜ ಒಂದಿಷ್ಟು ಮೇಲೇಳುತ್ತಿತ್ತು. ನಾನು ಒತ್ತುತ್ತಿದ್ದದ್ದು ಆ ಭುಜಕ್ಕೆ.

ನಿನ್ನ ಅಂಗಡಿಗೆ ಅಕ್ಷರಪಟ್ಟಿ ಬಾಯಿಪಾಠ ಮಾಡಿಕೊಂಡು ಬರುವವರು ನೆನಪಾದರು. ಕಣ್ಣು ಮುಚ್ಚಿದೆ.

ಮುಚ್ಚಿದ ಮೇಲೆ ಬಹಳ ಹೊತ್ತು ಏನೂ ಬರಲಿಲ್ಲ.

ಬಲಗಿವಿ ಹೆಚ್ಚು ಹೋಗಿದೆಯಂತೆ, ಫೋನ್ ಹಿಡಿಯುವ ಕಿವಿ. ಹ, ಸ, ಕ, ಇಂಥ ತೆಳ್ಳಗಿನ ಸದ್ದುಗಳು ಮೊದಲು ಹೋಗುತ್ತವೆ, ಉಳಿದ ತೂತನ್ನು ತಲೆಯೇ ತನಗೆ ಗೊತ್ತಿರುವ ಮಾತಿನಿಂದ ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಬರೆದು ತೋರಿಸಿದರು. ನಿನ್ನ ಮನೆಯ ಬಗ್ಗೆ ನನ್ನ ತಲೆಯಲ್ಲಿದ್ದದ್ದು ಬಚ್ಚಲಿನ ಬಾಗಿಲು. ಹತ್ತು ವರ್ಷ ಬಂದು ಹೋಗಿ ನೋಡಿಕೊಂಡದ್ದು ಅಷ್ಟು. ಕಿವಿಗೆ ಯಂತ್ರ ಬರಲು ಮೂರು ವಾರ ಬೇಕಂತೆ. ಹತ್ತು ವರ್ಷ ನೋಡದೆ ಹೋದದ್ದಕ್ಕೆ ಯಂತ್ರವಿಲ್ಲ.

ಈಗ ತಿರುಗಿ ಹೇಳುತ್ತೇನೆ. ನಿನ್ನ ಕಾಗದವನ್ನು ಎದುರಿಗಿಟ್ಟುಕೊಂಡಿಲ್ಲ.

ನೀವಿಬ್ಬರೂ ಬೇರೆ ಆಗುತ್ತಿದ್ದೀರಿ. ಆ-ಗು-ತ್ತಿ-ದ್ದೀ-ರಿ. ಜಗಳವಿಲ್ಲ, ಮೋಸವಿಲ್ಲ. ಉಪ್ಪಿನ ಡಬ್ಬಿಗೆ ಅವನು ಥ್ಯಾಂಕ್ಸ್ ಅಂದ. ನೀನು ಮೂರು ಸಲ ಫೋನ್ ಎತ್ತಿ ಇಟ್ಟೆ. ನಿನ್ನ ದನಿಗೆ ನೆಗಡಿಯಾಗಿರಲಿಲ್ಲ. ಸ್ವಲ್ಪ ದಿನ ಬಂದಿರಲಾ ಎಂದು ಕೇಳಿದೆ. ಹೊಲಿಗೆ ಮಿಷನ್ನಿನ ಪಕ್ಕದ ಜಾಗ ನವೆಂಬರ್ ಮೊದಲ ವಾರದವರೆಗೆ. ಸ್ಕೂಲಿಗೆ ಹೋಗಲ್ಲ ಅಂದಿದ್ದೆ.

ನೀನು ಹೇಳದ್ದನ್ನು ನಾನು ಸೇರಿಸಿಲ್ಲ. ಸೇರಿಸಬೇಕು ಎಂದು ಬಾಯಿಗೆ ಬಂದದ್ದು ಬಹಳವಿದೆ, ಅಳಿಯನ ಬಗ್ಗೆಯೂ ಇದೆ, ಅದು ಆಪರೇಟರ್ ಕೆಲಸವಲ್ಲ. ಒಳ್ಳೇದಾಯ್ತು ಎಂದದ್ದು ಮರದ ಬಾಗಿಲಿಗೆ. ಅದನ್ನು ನಿನ್ನ ಲೆಕ್ಕದಿಂದ ತೆಗೆದುಬಿಡು.

ತಪ್ಪಿದ್ದರೆ ತಿದ್ದು. ಸರಿಯಿದ್ದರೆ ಬಾ. ಯಾವ ದಿನ, ಎಷ್ಟು ಗಂಟೆ ಎಂದು ಕೇಳಬೇಡ. ಮಂಚದ ಮೇಲಿನ ಪುಸ್ತಕಗಳನ್ನು ಕೆಳಗಿಳಿಸಿದ್ದೇನೆ. ಹಾಸಿಗೆಗೆ ಅಂಟಿನ ವಾಸನೆ ಹತ್ತಿದೆ, ಬಿಸಿಲಿಗೆ ಹಾಕಿದರೂ ಹೋಗುತ್ತಿಲ್ಲ, ಸಹಿಸಿಕೊಳ್ಳಬೇಕು.

ಬಂದಾಗ ಬೆಲ್ ಒತ್ತುತ್ತ ನಿಲ್ಲಬೇಡ, ನನಗೆ ಕೇಳಿಸುವುದಿಲ್ಲ. ಬಾಗಿಲು ಹಾಕಿರುವುದಿಲ್ಲ.

ಅಮ್ಮ